ಇಕ್ಕೇರಿ ಅಂಗಳದಲ್ಲಿ ಎಆರ್ ನಿಲ್ಲಿಸಲು ಯಾವ ಎಸ್‌ಡಿಕೆ?

ಪ್ರಶ್ನೆ: ನಾವು ಸಾಗರದ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಹೊರಗೆ ನಿಂತು ಫೋನ್ ಎತ್ತಿ ಹಿಡಿದರೆ ಕೆಳದಿ ಅರಸರ ಕಾಲದ ಪೇಟೆಯೂ ಒಂದಾಳೆತ್ತರದ ಇಕ್ಕೇರಿ ವರಹವೂ (ಆ ಕಾಲದ ಚಿನ್ನದ ನಾಣ್ಯ) ಕಾಣುವಂತೆ ಎಆರ್ ಆ್ಯಪ್, ಅಂದರೆ ಕ್ಯಾಮೆರಾ ದೃಶ್ಯದ ಮೇಲೆ ಕಲ್ಪಿತ ವಸ್ತು ಕೂರಿಸುವ ಆ್ಯಪ್ ಮಾಡುತ್ತಿದ್ದೇವೆ. ಮುಂದೆ ಬಿದನೂರು ನಗರದ ಕೋಟೆ, ಕವಲೇದುರ್ಗಕ್ಕೂ ಒಯ್ಯುವ ಆಸೆ. ಮೂರು ಆಯಾಮದ ಆ್ಯಪ್ ಕಟ್ಟುವ ಯೂನಿಟಿ ತಂತ್ರಾಂಶ ಬರುತ್ತದೆ. ಜಿಪಿಎಸ್ ನಂಬಿ ಮಾಡಿದ ಮೊದಲ ಪ್ರಯತ್ನದಲ್ಲಿ ವರಹ ಒಮ್ಮೆ ನಂದಿಮಂಟಪದೊಳಗೆ, ಒಮ್ಮೆ ರಸ್ತೆಯಾಚೆ ಕಾಣುತ್ತದೆ. ಯಾವ ಎಸ್‌ಡಿಕೆ (ಆ್ಯಪ್ ಕಟ್ಟಲು ಕಂಪನಿಗಳು ಕೊಡುವ ಸಿದ್ಧ ಕೋಡ್‌ನ ಕಟ್ಟು) ಹಿಡಿಯಬೇಕು? ಡೆವಲಪರ್ ಪ್ರವೇಶ ಪಡೆಯುವುದು ಹೇಗೆ? ಖರ್ಚೆಷ್ಟು?

ಉತ್ತರ: ವರಹ ಯಾಕೆ ಅಲೆಯುತ್ತಿದೆ ಎಂಬುದರಿಂದ ಶುರು ಮಾಡೋಣ. ಅದು ತಿಳಿದರೆ ಎಸ್‌ಡಿಕೆ ಆಯ್ಕೆ ಅರ್ಧ ಮುಗಿದಂತೆ.

ಮೂರು ತಪ್ಪುಗಳು ಒಂದರ ಮೇಲೊಂದು ಕೂತಿವೆ. ಮೊದಲನೆಯದು ಜಿಪಿಎಸ್. ಬಯಲಿನಲ್ಲಿ ಒಳ್ಳೆಯ ಫೋನು ಮೂರರಿಂದ ಐದು ಮೀಟರಿನೊಳಗೆ ಜಾಗ ಹೇಳುತ್ತದೆ. ಮರದಡಿ, ಎತ್ತರದ ಕಲ್ಲುಗೋಡೆಯ ಪಕ್ಕ ಅದೇ ಫೋನು ಹತ್ತು ಮೀಟರ್ ದಾಟುತ್ತದೆ. ಆಂಡ್ರಾಯ್ಡ್ ‘ನಿಖರತೆ 5 ಮೀಟರ್’ ಎಂದರೆ ನೀವು ಆ ವೃತ್ತದೊಳಗೆ ಇರುವ ಸಾಧ್ಯತೆ ಶೇಕಡಾ 68 ಎಂದಷ್ಟೇ ಅರ್ಥ. ಮೂರು ಸಲಕ್ಕೊಮ್ಮೆ ಹೊರಗಿರುತ್ತೀರಿ. ಎರಡನೆಯದು ಕಂಪಾಸ್, ನಿಜವಾದ ಖಳನಾಯಕ ಇದೇ. ದಿಕ್ಕಿನಲ್ಲಿ 10 ಡಿಗ್ರಿ ತಪ್ಪಿದರೆ 20 ಮೀಟರ್ ದೂರದ ವಸ್ತು ಮೂರೂವರೆ ಮೀಟರ್ ಪಕ್ಕಕ್ಕೆ ಹೋಗುತ್ತದೆ, 50 ಮೀಟರ್ ದೂರದ್ದು ಸುಮಾರು ಒಂಬತ್ತು ಮೀಟರ್. ಮ್ಯಾಗ್ನೆಟ್ ಇರುವ ಫೋನ್ ಕವರ್, ಕಬ್ಬಿಣದ ಬೇಲಿ, ಒರಗಿ ನಿಂತ ಬೈಕು, ಇವುಗಳಲ್ಲಿ ಯಾವುದೇ ಒಂದು ಸಾಕು ಅಷ್ಟು ಕೆಡಿಸಲು.

ಮೂರನೆಯದು ನಿಮ್ಮ ಕೋಡ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಯೂನಿಟಿಯ ಇನ್‌ಪುಟ್ ಲೊಕೇಶನ್ ಅಕ್ಷಾಂಶ ರೇಖಾಂಶಗಳನ್ನು ಫ್ಲೋಟ್ ಆಗಿ, ಅಂದರೆ ಏಳು ಅಂಕೆಗಳಷ್ಟೇ ಸರಿಯಾಗಿ ಹಿಡಿಯುವ ಸಂಖ್ಯೆಯಾಗಿ ಕೊಡುತ್ತದೆ. ಶಿವಮೊಗ್ಗ ಜಿಲ್ಲೆಯ ರೇಖಾಂಶ 75ರ ಆಸುಪಾಸು. 64ರಿಂದ 128ರ ನಡುವಿನ ಸಂಖ್ಯೆಗೆ 32 ಬಿಟ್ ಫ್ಲೋಟ್‌ನಲ್ಲಿ ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ 0.0000076 ಡಿಗ್ರಿ ಅಂತರ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108 ಕಿಲೋಮೀಟರ್, ಹಾಗಾಗಿ ಆ ಮೆಟ್ಟಿಲು 80 ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಂದರೆ ಜಿಪಿಎಸ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ವರಹ ಪೂರ್ವ ಪಶ್ಚಿಮವಾಗಿ ಸುಮಾರು ಎರಡು ಮೊಳ ಜಿಗಿಯುತ್ತಲೇ ಇರುತ್ತದೆ. ಅಕ್ಷಾಂಶ 14ರ ಹತ್ತಿರ ಇರುವುದರಿಂದ ಉತ್ತರ ದಕ್ಷಿಣಕ್ಕೆ ಜಿಗಿತ ಹತ್ತು ಸೆಂಟಿಮೀಟರಷ್ಟೆ. ವಸ್ತು ಒಂದೇ ಅಡ್ಡದಲ್ಲಿ ಜಿಗಿಯುತ್ತಿದ್ದರೆ ಅನುಮಾನ ಬೇಡ, ಇದೇ ಕಾರಣ. ಅಕ್ಷಾಂಶ ರೇಖಾಂಶವನ್ನು ಯೂನಿಟಿಯಿಂದಲ್ಲ, ನೇರ ಆಂಡ್ರಾಯ್ಡ್‌ನಿಂದ ಡಬಲ್ (64 ಬಿಟ್ ಸಂಖ್ಯೆ) ಆಗಿ ಪಡೆಯಿರಿ, ಲೆಕ್ಕವೆಲ್ಲ ಡಬಲ್‌ನಲ್ಲೇ ಮಾಡಿ, ಒಂದು ಮೂಲಬಿಂದುವಿನಿಂದ ಎಷ್ಟು ಮೀಟರ್ ದೂರ ಎಂದು ಕಳೆದ ಮೇಲೆ ಮಾತ್ರ ಫ್ಲೋಟ್‌ಗೆ ಇಳಿಸಿ.

ಈ ಮೂರನ್ನೂ ಸರಿಪಡಿಸಿದರೂ ಜಿಪಿಎಸ್ ಮತ್ತು ಕಂಪಾಸ್ ಮಾತ್ರದಿಂದ ವರಹವನ್ನು ಮಂಟಪದ ಎದುರು ನೆಟ್ಟಗೆ ನಿಲ್ಲಿಸಲಾಗದು. ಅದಕ್ಕೆ ಕ್ಯಾಮೆರಾ ಜಾಗವನ್ನು ಗುರುತಿಸಬೇಕು. ಸುತ್ತಲಿನ ಗೋಡೆ, ಕಂಬ, ಸೂರಿನ ಅಂಚುಗಳನ್ನು ಮೊದಲೇ ತೆಗೆದಿಟ್ಟ ಚಿತ್ರಗಳ ನಕ್ಷೆಗೆ ಹೋಲಿಸಿ ಫೋನು ಎಲ್ಲಿದೆ, ಯಾವ ಕಡೆ ನೋಡುತ್ತಿದೆ ಎಂದು ಹೇಳುವ ವ್ಯವಸ್ಥೆಗೆ ವಿಪಿಎಸ್, ಅಂದರೆ ವಿಷುಯಲ್ ಪೊಸಿಷನಿಂಗ್ ಸಿಸ್ಟಂ ಎನ್ನುತ್ತಾರೆ. ಹಾಗಾಗಿ ‘ಯಾವ ಎಸ್‌ಡಿಕೆ’ ಎನ್ನುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನಿಮ್ಮ ಜಾಗದ ಚಿತ್ರನಕ್ಷೆ ಯಾರ ಹತ್ತಿರ ಇದೆ? ಬೆಂಗಳೂರಿನ ಎಂ.ಜಿ. ರಸ್ತೆಗೆ ಸಿಗುವ ಉತ್ತರ ಇಕ್ಕೇರಿಗೆ ಸಿಗುವುದಿಲ್ಲ. ಮಲೆನಾಡಿನ ಬಹುಪಾಲು ಜಾಗಗಳಿಗೆ ನಕ್ಷೆಯನ್ನು ನೀವೇ ಮಾಡಿಕೊಳ್ಳಬೇಕು ಎಂದುಕೊಂಡೇ ಹೊರಡಿ. ಸಿದ್ಧನಕ್ಷೆ ಸಿಕ್ಕರೆ ಲಾಭ.

ಸಿದ್ಧನಕ್ಷೆ ಇದೆಯೇ ಎಂದು ನೋಡಲು ಗೂಗಲ್‌ನ ಎಆರ್ ಎಸ್‌ಡಿಕೆಯಾದ ಎಆರ್‌ಕೋರ್‌ನ ಜಿಯೋಸ್ಪೇಶಿಯಲ್ ಎಪಿಐ (ಆ್ಯಪ್‌ನಿಂದ ಗೂಗಲ್ ಸೇವೆಯನ್ನು ಕೇಳುವ ದಾರಿ) ಸಾಕು. 2022ರ ಮೇನಲ್ಲಿ ಬಂದ ಇದು ಸ್ಟ್ರೀಟ್ ವ್ಯೂ ಚಿತ್ರಗಳ ಮೇಲೆ ನಿಂತಿದೆ. ಭಾರತದಲ್ಲಿ ಸ್ಟ್ರೀಟ್ ವ್ಯೂ ಮತ್ತೆ ಶುರುವಾದದ್ದು ಅದೇ ವರ್ಷದ ಜುಲೈನಲ್ಲಿ, ಹತ್ತು ನಗರಗಳಿಂದ, ಜೆನೆಸಿಸ್ ಇಂಟರ್‌ನ್ಯಾಷನಲ್ ಮತ್ತು ಟೆಕ್ ಮಹೀಂದ್ರಾ ಕಂಪನಿಗಳ ಜೊತೆಗೂಡಿ. ಜೊತೆಗೂಡಲೇಬೇಕಿತ್ತು: 2021ರ ಫೆಬ್ರವರಿಯ ಕೇಂದ್ರ ಮಾರ್ಗಸೂಚಿಯ ಪ್ರಕಾರ ಸ್ಟ್ರೀಟ್ ವ್ಯೂ ಸರ್ವೆಯನ್ನು ಭಾರತೀಯ ಸಂಸ್ಥೆಗಳು ಮಾತ್ರ ಮಾಡಬಹುದು. ಗೂಗಲ್ ಮ್ಯಾಪ್ಸ್ ತೆರೆದು ಹಳದಿ ಬೊಂಬೆಯನ್ನು ನಿಮ್ಮ ಜಾಗದ ಮೇಲೆ ಎಳೆದು ನೋಡಿ. ನೀಲಿ ಗೆರೆ ಇಲ್ಲ, ಬರೀ ನೀಲಿ ಚುಕ್ಕಿ ಇದೆ ಎಂದರೆ ಯಾರೋ ಪ್ರವಾಸಿ ಹಾಕಿದ 360 ಡಿಗ್ರಿ ಫೋಟೋ. ಅದನ್ನು ನೆಚ್ಚಿ ಕೂರಬೇಡಿ. ಗೆರೆ ಇದ್ದರೂ ಅದು ರಸ್ತೆಯದು. ಕಾರು ಹೋಗದ ದೇವಸ್ಥಾನದ ಹಿಂಭಾಗಕ್ಕೆ, ಕೋಟೆಯ ಒಳದಾರಿಗೆ ಅದರಿಂದ ಪ್ರಯೋಜನವಿಲ್ಲ. ಕೊನೆಯ ಮಾತು ಎಪಿಐನದ್ದೇ: ವಿಪಿಎಸ್ ಲಭ್ಯತೆ ಕೇಳುವ ಚೆಕ್ ವಿಪಿಎಸ್ ಅವೈಲಬಿಲಿಟಿ ಎಂಬ ಫಂಕ್ಷನ್ ಇದೆ. ಹೊರ ಆವರಣದ ಐದಾರು ಬಿಂದುಗಳ ಅಕ್ಷಾಂಶ ರೇಖಾಂಶ ಕೊಟ್ಟು ಮನೆಯಲ್ಲಿ ಕೂತೇ ಕೇಳಬಹುದು.

ಇದಕ್ಕೆ ಪ್ರವೇಶ ಪಡೆಯುವ ಕ್ರಮ ಹೀಗೆ. ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಹೊಸ ಪ್ರಾಜೆಕ್ಟ್ ಮಾಡಿ, ಲೈಬ್ರರಿಯಲ್ಲಿ ಎಆರ್‌ಕೋರ್ ಎಪಿಐ ಹುಡುಕಿ ಎನೇಬಲ್ ಮಾಡಿ. ಇದಕ್ಕೆ ಶುಲ್ಕವಿಲ್ಲ. ನಂತರ ಎರಡು ದಾರಿ: ಎಪಿಐ ಕೀ ಎಂಬ ಗುಪ್ತಪದ, ಇಲ್ಲವೇ ಕೀಲೆಸ್, ಅಂದರೆ ಆ್ಯಪ್‌ನ ಸಹಿಯಿಂದಲೇ ಅದನ್ನು ಗುರುತಿಸುವುದು. ಮೊದಲ ದಿನದ ಪರೀಕ್ಷೆಗೆ ಕೀ ಸಾಕು. ಆಮೇಲೆ ಕೀಲೆಸ್‌ಗೆ ಬದಲಾಯಿಸಲೇಬೇಕು, ಯಾಕೆಂದು ಮುಂದೆ ಹೇಳುತ್ತೇನೆ. ಕೀಲೆಸ್‌ಗೆ ಕ್ರೆಡೆನ್ಶಿಯಲ್ಸ್ ಪುಟದಲ್ಲಿ ಆಂಡ್ರಾಯ್ಡ್ ಮಾದರಿಯ ಓಆತ್ ಕ್ಲೈಂಟ್ ಐಡಿ ಸೃಷ್ಟಿಸಿ, ಆ್ಯಪ್‌ನ ಪ್ಯಾಕೇಜ್ ಹೆಸರು ಮತ್ತು ಸಹಿ ಮಾಡುವ ಕೀಯ ಎಸ್‌ಎಚ್‌ಎ-1 ಬೆರಳಚ್ಚು (ಆ ಕೀಯನ್ನು ಗುರುತಿಸುವ ಅಂಕೆ ಅಕ್ಷರಗಳ ಸಾಲು) ಕೊಡಿ. ಯೂನಿಟಿಯಲ್ಲಿ ಎಆರ್ ಫೌಂಡೇಶನ್ ಜೊತೆಗೆ ಎಆರ್‌ಕೋರ್ ಎಕ್ಸ್‌ಟೆನ್ಶನ್ಸ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಜಿಯೋಸ್ಪೇಶಿಯಲ್ ಟಿಕ್ ಮಾಡಿ, ಆಂಡ್ರಾಯ್ಡ್ ದೃಢೀಕರಣವನ್ನು ಕೀಲೆಸ್‌ಗೆ ಇಡಿ. ಕನಿಷ್ಠ ಎಪಿಐ ಮಟ್ಟ 24, ಅಂದರೆ ಆಂಡ್ರಾಯ್ಡ್ 7. ಬಿಲ್ಡ್ ಐಎಲ್2ಸಿಪಿಪಿ, ಎಆರ್‌ಎಂ64.

ಇಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ. ನಿಮ್ಮ ಲ್ಯಾಪ್‌ಟಾಪಿನ ಡೀಬಗ್ ಕೀಗೆ ಒಂದು ಎಸ್‌ಎಚ್‌ಎ-1. ಗೆಳೆಯನ ಲ್ಯಾಪ್‌ಟಾಪಿಗೆ ಇನ್ನೊಂದು. ಪ್ಲೇ ಸ್ಟೋರ್‌ಗೆ ಹಾಕಿದ ಮೇಲೆ ಗೂಗಲ್ ತನ್ನ ಕೀಯಿಂದ ಮರುಸಹಿ ಮಾಡುವುದರಿಂದ ಮತ್ತೊಂದು. ನಿಮ್ಮ ಫೋನಿನಲ್ಲಿ ಚೆನ್ನಾಗಿದ್ದ ಆ್ಯಪ್ ಪ್ಲೇ ಸ್ಟೋರ್‌ನಿಂದ ಇಳಿಸಿದವರಲ್ಲಿ ‘ಎರರ್ ನಾಟ್ ಆಥರೈಸ್ಡ್’ ಎಂದು ಮುಷ್ಕರ ಹೂಡಿದರೆ ಕಾರಣ ಇದೇ. ಪ್ಲೇ ಕನ್ಸೋಲ್‌ನ ಆ್ಯಪ್ ಸೈನಿಂಗ್ ಪುಟದಲ್ಲಿ ಆ ಬೆರಳಚ್ಚು ಸಿಗುತ್ತದೆ; ಪ್ರತಿಯೊಂದಕ್ಕೂ ಪ್ರತ್ಯೇಕ ಕ್ಲೈಂಟ್ ಐಡಿ ಮಾಡಿಡಿ. ಐಫೋನ್‌ಗೆ ಬೆರಳಚ್ಚಿನ ದಾರಿಯಿಲ್ಲ, ನಿಮ್ಮದೇ ಸರ್ವರ್ ಸರ್ವಿಸ್ ಅಕೌಂಟ್‌ನಿಂದ ಸಹಿ ಮಾಡಿದ ಟೋಕನ್ ಕೊಡಬೇಕು. ಆ ಅಕೌಂಟಿನ ಕೀ ಫೈಲನ್ನು ಆ್ಯಪ್‌ನೊಳಗೇ ತುರುಕಿಬಿಡೋಣ ಎಂಬ ಉಪಾಯ ಹೊಳೆಯುತ್ತದೆ. ಮಾಡಬೇಡಿ, ಆ್ಯಪ್ ಬಿಚ್ಚಿ ನೋಡುವ ಯಾರ ಕೈಗಾದರೂ ಅದು ಸಿಗುತ್ತದೆ.

ಇನ್ನೊಂದು ಮೌನ ತಪ್ಪು ಅನುಮತಿಯದ್ದು. ಆಂಡ್ರಾಯ್ಡ್ 12ರಿಂದ ಬಳಕೆದಾರರು ‘ನಿಖರ’ ಬಿಟ್ಟು ‘ಅಂದಾಜು’ ಸ್ಥಳ ಮಾತ್ರ ಕೊಡಬಹುದು. ಅಂದಾಜು ಎಂದರೆ ಸುಮಾರು ಮೂರು ಚದರ ಕಿಲೋಮೀಟರಿನೊಳಗೆ ಎಲ್ಲೋ. ನಾಲ್ಕು ಜನರ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಏನೂ ಕಾಣುತ್ತಿಲ್ಲ ಎಂದರೆ ಮೊದಲು ಇದನ್ನು ನೋಡಿ. ಯಾವ ಅನುಮತಿ ಸಿಕ್ಕಿದೆ ಎಂದು ಕೋಡ್‌ನಲ್ಲೇ ಪರೀಕ್ಷಿಸಿ, ಯಾಕೆ ಬೇಕೆಂದು ಕನ್ನಡದಲ್ಲಿ ಒಂದು ಸಾಲು ಹೇಳಿ ಮತ್ತೆ ಕೇಳಿ.

ಜಿಯೋಸ್ಪೇಶಿಯಲ್ ಕೊಡುವ ಸ್ಥಾನದ ಜೊತೆ ಅಡ್ಡನಿಖರತೆ, ಎತ್ತರದ ನಿಖರತೆ, ದಿಕ್ಕಿನ ನಿಖರತೆ ಎಂಬ ಮೂರು ಸಂಖ್ಯೆಗಳು ಬರುತ್ತವೆ. ಗೂಗಲ್‌ನ ಆಂಡ್ರಾಯ್ಡ್ ಮಾದರಿ ಕೋಡ್‌ನಲ್ಲಿ 10 ಮೀಟರ್, 15 ಡಿಗ್ರಿಯೊಳಗೆ ಬಂದರೆ ‘ಸಿಕ್ಕಿತು’ ಎಂದು ಬಿಡುತ್ತದೆ. ನಿಮ್ಮ ಕೆಲಸಕ್ಕೆ ಅದು ತೀರಾ ಸಡಿಲ. ಪರೀಕ್ಷೆಯ ದಿನ ಈ ಮೂರನ್ನೂ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಿ. ವಿಪಿಎಸ್ ಹಿಡಿದ ಜಾಗದಲ್ಲಿ ಅಡ್ಡನಿಖರತೆ ಕೆಲವೇ ಸೆಕೆಂಡಿನಲ್ಲಿ ಮೀಟರ್ ಆಸುಪಾಸಿಗೆ ಕುಸಿಯುತ್ತದೆ, ದಿಕ್ಕು ಒಂದೆರಡು ಡಿಗ್ರಿಗೆ ಬರುತ್ತದೆ. ಹಿಡಿಯದ ಕಡೆ ಐದಾರು ಮೀಟರ್, ಹತ್ತಾರು ಡಿಗ್ರಿಯಲ್ಲೇ ತೂಗಾಡುತ್ತದೆ. ಆಗ ನೀವು ನೋಡುತ್ತಿರುವುದು ಹೆಸರು ಬದಲಿಸಿಕೊಂಡ ಜಿಪಿಎಸ್.

ಎತ್ತರದ ವಿಷಯ ಬೇರೆಯಾಗಿಯೇ ಹೇಳಬೇಕು, ದಕ್ಷಿಣ ಭಾರತದಲ್ಲಿ ಅದು ತಮಾಷೆಯಾಗಿ ಕೆಡುತ್ತದೆ. ಆ್ಯಂಕರ್‌ಗೆ, ಅಂದರೆ ವಸ್ತುವನ್ನು ಕಟ್ಟಿ ನಿಲ್ಲಿಸುವ ಬಿಂದುವಿಗೆ ಕೊಡಬೇಕಾದ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಜಿಪಿಎಸ್ ಭೂಮಿಯ ಆಕಾರವೆಂದು ಲೆಕ್ಕಕ್ಕೆ ಹಿಡಿಯುವ ಡಬ್ಲ್ಯುಜಿಎಸ್84 ದೀರ್ಘವೃತ್ತಾಭದಿಂದ ಅಳೆದದ್ದು. ನಮ್ಮ ಕಡೆ ಸಮುದ್ರಮಟ್ಟದ ಮೇಲ್ಮೈ ಆ ಲೆಕ್ಕದ ಮೇಲ್ಮೈಗಿಂತ ಸುಮಾರು 80ರಿಂದ 90 ಮೀಟರ್ ಕೆಳಗಿದೆ. ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕಾದ ದಕ್ಷಿಣಕ್ಕಿರುವ ಗುರುತ್ವದ ತಗ್ಗಿನ ಪ್ರಭಾವ ಇದು. ಹಾಗಾಗಿ ಭೂಪಟದಲ್ಲಿ 600 ಮೀಟರ್ ಎಂದಿರುವ ಜಾಗಕ್ಕೆ ನೀವು 600 ಎಂದೇ ಬರೆದರೆ ವರಹ ನೆತ್ತಿಯ ಮೇಲೆ ಎಂಬತ್ತು ಚಿಲ್ಲರೆ ಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ, ನೀವು ಕಾಣಿಸುತ್ತಿಲ್ಲ ಎಂದು ಕೋಡ್ ಕೆದಕುತ್ತಿರುತ್ತೀರಿ. ಸುಲಭದ ಪರಿಹಾರ ಟೆರೇನ್ ಆ್ಯಂಕರ್: ನೆಲದಿಂದ ಎಷ್ಟು ಮೇಲೆ ಎಂದಷ್ಟೇ ಹೇಳಿದರೆ ಸಾಕು. ಆದರೆ ದರೆ, ಕಡಿದಾದ ಇಳಿಜಾರು ಇರುವಲ್ಲಿ ಗೂಗಲ್‌ನ ನೆಲದ ಮಾದರಿ ಏರಿಳಿತಗಳನ್ನು ನುಣುಪಾಗಿ ತೀಡಿಬಿಟ್ಟಿರುತ್ತದೆ. ಇಕ್ಕೇರಿಯ ಸಮನೆಲದಲ್ಲಿ ನಡೆದೀತು, ಕವಲೇದುರ್ಗದ ಮೆಟ್ಟಿಲ ದಾರಿಯಲ್ಲಿ ವಸ್ತು ಹೂತುಹೋದೀತು.

ಉಳಿದ ಆಯ್ಕೆಗಳನ್ನು ಬೇಗ ದಾಟೋಣ. ಆ್ಯಪಲ್ 2020ರಲ್ಲಿ ಐಓಎಸ್ 14ರ ಜೊತೆ ತಂದ ಜಿಯೋ ಆ್ಯಂಕರ್ ಆಯ್ದ ನಗರಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ಸಾಗರ ಆ ಪಟ್ಟಿಯ ಊರಲ್ಲ. ನಯಾಂಟಿಕ್‌ನ ಲೈಟ್‌ಶಿಪ್ ಎಆರ್‌ಡಿಕೆ 2021ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆಯಿತು. ಅದರ ದೊಡ್ಡ ಗುಣವೆಂದರೆ ನಿಮ್ಮ ಜಾಗವನ್ನು ನೀವೇ ಸ್ಕ್ಯಾನ್ ಮಾಡಿ ವಿಪಿಎಸ್‌ಗೆ ಸೇರಿಸಬಹುದು. 2025ರಲ್ಲಿ ಆ ಕಂಪನಿ ಆಟಗಳ ವಿಭಾಗವನ್ನು ಸ್ಕೋಪ್ಲಿಗೆ ಮಾರಿತು, ನಕ್ಷೆಯ ಕೆಲಸ ನಯಾಂಟಿಕ್ ಸ್ಪೇಶಿಯಲ್ ಎಂಬ ಬೇರೆ ಕಂಪನಿಯಾಯಿತು. ಹಳೆಯ ಪಾಠಗಳಲ್ಲಿರುವ ಹೆಸರು, ವಿಳಾಸ, ಪ್ಯಾಕೇಜ್‌ಗಳು ಈಗಿನವಕ್ಕೆ ತಾಳೆಯಾಗದಿದ್ದರೆ ಅದೇ ಕಾರಣ. ಇಮ್ಮರ್ಸಲ್ ಕೂಡ ಇದೇ ಜಾಡಿನದು: ಫೋನಿನಲ್ಲೇ ಚಿತ್ರ ತೆಗೆದು ನಕ್ಷೆ ಕಟ್ಟಿ, ಅದನ್ನು ಯೂನಿಟಿಗೆ ಇಳಿಸಿಕೊಳ್ಳಬಹುದು.

ಇಲ್ಲದಿರುವವುಗಳ ಪಟ್ಟಿಯೂ ಉಪಯೋಗಕ್ಕೆ ಬರುತ್ತದೆ, ಹುಡುಕಾಟದಲ್ಲಿ ಇನ್ನೂ ಮೇಲೆ ಬರುವುದು ಅವೇ. ಮೈಕ್ರೋಸಾಫ್ಟ್‌ನ ಅಜೂರ್ ಸ್ಪೇಶಿಯಲ್ ಆ್ಯಂಕರ್ಸ್ 2024ರ ನವೆಂಬರ್ 20ಕ್ಕೆ ನಿಂತಿತು. ವಿಕಿಟ್ಯೂಡ್ ಅದೇ ವರ್ಷ ಮುಚ್ಚಿತು. ಬ್ರೌಸರ್ ಎಆರ್‌ಗೆ ಹೆಸರಾಗಿದ್ದ ಎಯ್ತ್ ವಾಲ್ ವೇದಿಕೆಯನ್ನು ಮುಚ್ಚುವುದಾಗಿ 2025ರಲ್ಲಿ ಘೋಷಣೆಯಾಯಿತು. ಕಾಲೇಜಿನ ಹಿಂದಿನ ಬ್ಯಾಚಿನ ವರದಿಯಲ್ಲಿ ಈ ಹೆಸರುಗಳಿದ್ದರೆ ಅಲ್ಲಿಗೇ ಬಿಡಿ. ಇದರಲ್ಲಿ ಒಂದು ಎಚ್ಚರಿಕೆಯೂ ಇದೆ: ನಿಮ್ಮ ವಸ್ತುಗಳ ಸ್ಥಾನ, ಅಳತೆ, ಕೋನಗಳನ್ನು ಯಾವುದೋ ಒಂದು ಕಂಪನಿಯ ಕ್ಲೌಡ್‌ನಲ್ಲಿ ಮಾತ್ರ ಇಟ್ಟು ಕೂರಬೇಡಿ. ಒಂದು ಮೂಲಬಿಂದುವಿನಿಂದ ಮೀಟರ್ ಲೆಕ್ಕದಲ್ಲಿ ಬರೆದ ಸರಳ ಫೈಲ್ ನಿಮ್ಮ ಕೈಯಲ್ಲಿರಲಿ. ಎಸ್‌ಡಿಕೆ ಬದಲಾದರೆ ಮೂಲಬಿಂದುವನ್ನು ಮತ್ತೆ ಹೊಂದಿಸಿದರಾಯಿತು.

ಇಕ್ಕೇರಿಗೆ ನನ್ನ ಆಯ್ಕೆ ಎಆರ್‌ಕೋರ್ ಕ್ಲೌಡ್ ಆ್ಯಂಕರ್, ಅದು ಕೈಕೊಟ್ಟಾಗ ಹಿಡಿದುಕೊಳ್ಳಲು ಒಂದು ಚಿತ್ರಫಲಕ, ಅಂದರೆ ಕ್ಯಾಮೆರಾ ಗುರುತಿಸುವಂತೆ ಮುದ್ರಿಸಿ ನಿಲ್ಲಿಸಿದ ಚಿತ್ರ. ಕ್ಲೌಡ್ ಆ್ಯಂಕರ್ ಎಂದರೆ ಜಾಗದ ಒಂದು ತುಣುಕಿನ ನಕ್ಷೆಯನ್ನು ನೀವೇ ಹಿಡಿದು ಗೂಗಲ್‌ನಲ್ಲಿ ಇಡುವುದು. ಪ್ರತಿಯಾಗಿ ಒಂದು ಐಡಿ ಸಿಗುತ್ತದೆ. ಎಪಿಐ ಕೀಯಿಂದ ಇಟ್ಟದ್ದು ಒಂದು ದಿನ ಬಾಳುತ್ತದೆ, ಕೀಲೆಸ್‌ನಲ್ಲಿ ಇಟ್ಟದ್ದು 365 ದಿನ. ಮೇಲೆ ಕೀಲೆಸ್ ಕಡ್ಡಾಯ ಎಂದದ್ದು ಇದಕ್ಕೇ. ಶನಿವಾರ ಇಟ್ಟ ಆ್ಯಂಕರ್ ಸೋಮವಾರ ಮೇಷ್ಟ್ರಿಗೆ ತೋರಿಸುವ ಹೊತ್ತಿಗೆ ಮಾಯವಾಗಿದ್ದರೆ ಬೇರೆ ಕಾರಣ ಹುಡುಕಬೇಡಿ. ಅವಧಿಯನ್ನು ಮ್ಯಾನೇಜ್‌ಮೆಂಟ್ ಎಪಿಐ ಮೂಲಕ ವಿಸ್ತರಿಸಬಹುದು. ತಿಂಗಳಿಗೊಮ್ಮೆ ಓಡುವ ಸ್ಕ್ರಿಪ್ಟ್ ಬರೆದಿಟ್ಟರೆ ಮರೆವಿನ ಕಾಟವಿಲ್ಲ.

ಹಿಡಿಯುವ ಕ್ರಮ: ನಂದಿಮಂಟಪದ ಕಂಬ, ಅಧಿಷ್ಠಾನದ ಅಂಚಿನಂಥ ಕೆತ್ತನೆಯ ಭಾಗ ಆರಿಸಿ. ನುಣುಪು ಸುಣ್ಣದ ಗೋಡೆ, ಹುಲ್ಲುಹಾಸು, ಮರದ ಎಲೆ ಬೇಡ. ಒಂದು ಕಡೆಯಿಂದ ಆರಂಭಿಸಿ ಅರ್ಧಚಂದ್ರಾಕಾರವಾಗಿ ನಿಧಾನಕ್ಕೆ ನಡೆಯುತ್ತ, ದೂರದಿಂದಲೂ ಹತ್ತಿರದಿಂದಲೂ, ಬಗ್ಗಿ ಒಮ್ಮೆ ನಿಂತು ಒಮ್ಮೆ ನೋಡಿ. ನಿಂತಲ್ಲೇ ನಿಂತು ಫೋನನ್ನು ಮಾತ್ರ ತಿರುಗಿಸಿದರೆ ಆಳದ ಅಂದಾಜು ಸಿಗದೆ ನಕ್ಷೆ ಚಪ್ಪಟೆಯಾಗುತ್ತದೆ. ಹೋಸ್ಟ್ ಮಾಡುವ (ಹಿಡಿದದ್ದನ್ನು ಗೂಗಲ್‌ಗೆ ಕಳಿಸುವ) ಹಿಂದಿನ ಸುಮಾರು 30 ಸೆಕೆಂಡಿನಲ್ಲಿ ಕಂಡದ್ದೇ ನಕ್ಷೆಯಾಗುತ್ತದೆ, ಹಾಗಾಗಿ ಚೆನ್ನಾಗಿ ಸುತ್ತಿ ಬಂದು ಹರಟೆ ಹೊಡೆಯುತ್ತ ಫೋನ್ ಕೆಳಗೆ ಹಿಡಿದು ಆಮೇಲೆ ಬಟನ್ ಒತ್ತಿದರೆ ನಿಮ್ಮ ಚಪ್ಪಲಿಯ ನಕ್ಷೆ ಸಿಗುತ್ತದೆ. ಗುಣಮಟ್ಟ ಮೂರು ಹಂತದಲ್ಲಿ ಬರುತ್ತದೆ: ಸಾಲದು, ಸಾಕು, ಚೆನ್ನಾಗಿದೆ. ಎಲ್ಲ ಕೋನದಿಂದಲೂ ‘ಚೆನ್ನಾಗಿದೆ’ ಬರುವವರೆಗೆ ಒತ್ತಬೇಡಿ. ಜನ ಎಲ್ಲಿ ನಿಂತು ಫೋನ್ ಎತ್ತುತ್ತಾರೋ ಅಲ್ಲಿಂದಲೇ ಹಿಡಿದಿರಬೇಕು. ಗೇಟಿನಿಂದ ಬರುವವರಿಗೆ ನೀವು ಹಿಂಬದಿಯಿಂದ ಹಿಡಿದ ಕಂಬ ಗುರುತು ಸಿಗದು.

ಒಂದೇ ಆ್ಯಂಕರ್‌ಗೆ ಇಡೀ ಪೇಟೆಯನ್ನು ಕಟ್ಟಿಹಾಕಬೇಡಿ. ವಸ್ತುವನ್ನು ಆ್ಯಂಕರ್‌ನಿಂದ ಎಂಟು ಮೀಟರಿನೊಳಗೆ ಇಡಿ ಎಂಬುದು ಗೂಗಲ್‌ನದೇ ಸಲಹೆ. ಆ್ಯಂಕರ್ ಎರಡು ಡಿಗ್ರಿ ಓರೆಯಾಗಿ ಕೂತರೂ 30 ಮೀಟರ್ ಆಚೆಯ ಅಂಗಡಿ ಒಂದು ಮೀಟರ್ ಸರಿದಿರುತ್ತದೆ. ಹೊರ ಆವರಣಕ್ಕೆ ಐದಾರು ಆ್ಯಂಕರ್ ಇಟ್ಟು, ಪ್ರತಿಯೊಂದರ ಐಡಿ, ಅಂದಾಜು ಅಕ್ಷಾಂಶ ರೇಖಾಂಶ, ಹಿಡಿದ ದಿನಾಂಕಗಳನ್ನು ನಿಮ್ಮ ಫೈಲ್‌ನಲ್ಲಿ ಬರೆಯಿರಿ. ಆ್ಯಂಕರ್‌ಗೆ ತಾನು ಯಾವ ಊರಲ್ಲಿದ್ದೇನೆ ಎಂಬುದು ಗೊತ್ತಿಲ್ಲ. ಜಿಪಿಎಸ್ ನೋಡಿ 50 ಮೀಟರಿನೊಳಗಿನವನ್ನು ಮಾತ್ರ ಹುಡುಕುವ ಕೆಲಸ ನಿಮ್ಮ ಆ್ಯಪ್‌ನದು. ನಿಮ್ಮ ಹಳೆಯ ಜಿಪಿಎಸ್ ಕೋಡ್ ಹೀಗೆ ಕೆಲಸಕ್ಕೆ ಬಂತು.

ಇನ್ನು ಮಳೆಗಾಲ. ಬೇಸಿಗೆಯಲ್ಲಿ ಹಿಡಿದ ನಕ್ಷೆ ಆಷಾಢದಲ್ಲಿ ಕೈಕೊಡುತ್ತದೆ. ಒದ್ದೆಯಾದ ಕಗ್ಗಲ್ಲು ಕಪ್ಪಾಗಿ ಹೊಳೆಯುತ್ತದೆ, ಹೊಳಪು ನೀವು ಸರಿದಂತೆ ಸರಿಯುವುದರಿಂದ ಕ್ಯಾಮೆರಾಗೆ ಅದು ಚಲಿಸುವ ವಸ್ತುವಿನಂತೆ ಕಾಣುತ್ತದೆ. ಜಂಬಿಟ್ಟಿಗೆ ಗೋಡೆಗೆ ಹಾವಸೆ ಹತ್ತಿದರೆ ಜನವರಿಯಲ್ಲಿ ಕಂಡ ತೂತು, ಕಲೆಗಳೆಲ್ಲ ಹಸಿರಿನಡಿ ಸೇರುತ್ತವೆ. ಮಂಜು ಬಂದರೆ ದೂರದ ಅಂಚುಗಳೇ ಇಲ್ಲ. ಜಾಗಕ್ಕೆ ಎರಡೆರಡು ಆ್ಯಂಕರ್ ಇಡುವುದೇ ದಾರಿ: ಒಂದು ಒಣಗಿದ್ದಾಗ, ಇನ್ನೊಂದು ಮಳೆ ಬಿಟ್ಟ ಮಧ್ಯಾಹ್ನ ಹಿಡಿದದ್ದು. ಆ್ಯಪ್ ಎರಡನ್ನೂ ಒಟ್ಟಿಗೆ ಹುಡುಕಲಿ, ಮೊದಲು ಸಿಕ್ಕಿದ್ದನ್ನು ಹಿಡಿಯಲಿ. ಅಡಿಕೆ ತೋಟದೊಳಗೆ ಮಾತ್ರ ಈ ಯಾವ ಆಟವೂ ನಡೆಯದು. ಒಂದೇ ಅಳತೆಯ ಒಂದೇ ಬಣ್ಣದ ನೂರಾರು ಕಾಂಡ, ಮೇಲೆ ಅಲ್ಲಾಡುವ ಸೋಗೆ. ಯಾವ ಮರ ಯಾವುದೆಂದು ಯಜಮಾನರಿಗೇ ಗೊಂದಲವಾಗುವಲ್ಲಿ ಫೋನನ್ನು ದೂರಿ ಪ್ರಯೋಜನವಿಲ್ಲ.

ಕ್ಲೌಡ್ ಆ್ಯಂಕರ್‌ಗೂ ಜಿಯೋಸ್ಪೇಶಿಯಲ್‌ಗೂ ಇಂಟರ್‌ನೆಟ್ ಬೇಕೇ ಬೇಕು. ಕವಲೇದುರ್ಗದ ಬೆಟ್ಟದ ಮೇಲೆ ಸಿಗ್ನಲ್ ನೆಚ್ಚಿಕೊಂಡು ಆ್ಯಪ್ ಮಾಡುವಂತಿಲ್ಲ. ಅಲ್ಲಿಗೆ ಚಿತ್ರಫಲಕವೇ ಮುಖ್ಯ ದಾರಿ. ಎಆರ್‌ಕೋರ್‌ನ ಆಗ್ಮೆಂಟೆಡ್ ಇಮೇಜಸ್ ಫೋನಿನಲ್ಲೇ ಕೆಲಸ ಮಾಡುತ್ತದೆ, ನೆಟ್ ಬೇಡ. ಒಂದು ಡೇಟಾಬೇಸ್‌ನಲ್ಲಿ ಸಾವಿರ ಚಿತ್ರಗಳವರೆಗೆ ಹಾಕಬಹುದು. ಚಿತ್ರ ಕನಿಷ್ಠ 300ಕ್ಕೆ 300 ಪಿಕ್ಸೆಲ್ ಇರಲಿ. ಎಆರ್‌ಕೋರ್ ಜೊತೆ ಬರುವ ಎಆರ್‌ಕೋರ್‌ಇಮ್ಗ್ ಉಪಕರಣದಲ್ಲಿ ಪರೀಕ್ಷಿಸಿದರೆ ನೂರಕ್ಕೆ ಅಂಕ ಕೊಡುತ್ತದೆ, 75ಕ್ಕಿಂತ ಕಡಿಮೆಯದನ್ನು ಬಿಸಾಕಿ. ಕೆಳದಿಯ ಗಂಡಭೇರುಂಡದ ಗೆರೆಚಿತ್ರವನ್ನು ನಡುವೆ ಸಮ್ಮಿತಿಯಾಗಿ ಕೂರಿಸಿದ ವಿನ್ಯಾಸ ನೋಡಲು ಚಂದ, ಅಂಕ ಮಾತ್ರ ಕಡಿಮೆ. ಎಡ ಬಲ ಒಂದೇ ಥರ ಇದ್ದರೆ, ಒಂದೇ ಬಳ್ಳಿ ಅಂಚಿನುದ್ದಕ್ಕೂ ಮರುಕಳಿಸಿದರೆ ಗುರುತು ಕಷ್ಟ. ಸುತ್ತ ಒಂದಕ್ಕೊಂದು ಹೋಲದ ಚಿತ್ರ, ಬರಹ ತುಂಬಿ. ಮೊದಲು ಗುರುತಿಸಲು ಫಲಕ ಕ್ಯಾಮೆರಾ ಚೌಕಟ್ಟಿನ ಕಾಲು ಭಾಗ ತುಂಬಬೇಕು, ಹಾಗಾಗಿ ಎ4 ಹಾಳೆ ಸಾಲದು. ಎ2 ಅಳತೆಯ ಗಟ್ಟಿ ಹಲಗೆ, ಮೇಲೆ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್ ಮಾಡಿಸಿ. ಫ್ಲೆಕ್ಸ್ ಬೇಡವೇ ಬೇಡ: ಹೊಳೆಯುತ್ತದೆ, ಗಾಳಿಗೆ ಉಬ್ಬುತ್ತದೆ, ಉಬ್ಬಿದ ಫಲಕದಿಂದ ಕೋನವೇ ತಪ್ಪುತ್ತದೆ. ಪ್ರಿಂಟ್ ಆದ ಮೇಲೆ ಅಗಲವನ್ನು ಟೇಪಿನಿಂದ ಅಳೆದು ಆ ಸಂಖ್ಯೆಯನ್ನೇ ಕೋಡ್‌ಗೆ ಕೊಡಿ. ಅಂಗಡಿಯವರು ಅಂಚು ಕತ್ತರಿಸಿರುತ್ತಾರೆ.

ಫಲಕದಿಂದ ಸ್ಥಾನ ಚೆನ್ನಾಗಿ ಸಿಗುತ್ತದೆ, ಕೋನ ಅಷ್ಟಿಲ್ಲ. ಇದಕ್ಕೆ ಎರಡು ಉಪಾಯ. ಮುಂದೆ ಹಿಂದೆ, ಅಕ್ಕಪಕ್ಕದ ಓರೆಯನ್ನು ಫಲಕದಿಂದ ತೆಗೆದುಕೊಳ್ಳಬೇಡಿ. ಗುರುತ್ವದ ದಿಕ್ಕು ಫೋನಿನ ಸೆನ್ಸರ್‌ಗೆ ಅದಕ್ಕಿಂತ ಚೆನ್ನಾಗಿ ಗೊತ್ತು. ಫಲಕದಿಂದ ತಿರುವು ಮಾತ್ರ ಸಾಕು. ಎರಡನೆಯದು, ಸಾಧ್ಯವಿದ್ದರೆ 15 ಮೀಟರ್ ಅಂತರದಲ್ಲಿ ಎರಡು ಫಲಕ. ಎರಡನ್ನೂ ಕಂಡ ಮೇಲೆ ನಡುವಿನ ಗೆರೆಯಿಂದ ದಿಕ್ಕು ಲೆಕ್ಕ ಹಾಕಿದರೆ ಐದು ಸೆಂಟಿಮೀಟರ್ ತಪ್ಪಿದ್ದರೂ ದಿಕ್ಕು ಕೆಡುವುದು 0.2 ಡಿಗ್ರಿಯಷ್ಟು. ಆಮೇಲೆ ನಡೆದಷ್ಟೂ ಸ್ಥಾನ ಸ್ವಲ್ಪ ಸ್ವಲ್ಪ ಜಾರುತ್ತದೆ, ಆದ್ದರಿಂದ ದಾರಿಯುದ್ದಕ್ಕೂ ಅಲ್ಲಲ್ಲಿ ಫಲಕ ಬೇಕು. ಮೂರು ಆಯಾಮದ ಮಾದರಿಗಳನ್ನು ತೀರ್ಥಹಳ್ಳಿಯಲ್ಲೇ, ನೆಟ್ ಇರುವಾಗ ಇಳಿಸಿಕೊಳ್ಳುವಂತೆ ಆ್ಯಪ್ ಕೇಳಲಿ.

ಫಲಕ ಎಲ್ಲಿ ನೆಡುವುದು ಎಂಬುದು ತಾಂತ್ರಿಕ ಪ್ರಶ್ನೆಯಲ್ಲ. ಇಕ್ಕೇರಿ ದೇವಸ್ಥಾನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. ಸ್ಮಾರಕದ ಗೋಡೆಗೆ ಅಂಟಿಸುವುದು, ಮೊಳೆ ಹೊಡೆಯುವುದು ಯೋಚನೆಗೂ ಬೇಡ. ಟ್ರೈಪಾಡ್ ಹೂಡಿ ಹಿಡಿಯುವುದಾದರೂ ಮೊದಲೇ ಲಿಖಿತ ಅನುಮತಿ ಕೇಳಿ. ಅರ್ಜಿಯಲ್ಲಿ ಏನು ತೋರಿಸುತ್ತೀರಿ, ಎಲ್ಲಿ ನಿಂತು, ಏನನ್ನೂ ಮುಟ್ಟದೆ ಹೇಗೆ ಎಂದು ಒಂದು ಪುಟದಲ್ಲಿ ಬರೆದು, ಕಾಲೇಜಿನ ಪತ್ರ ಲಗತ್ತಿಸಿ. ಫಲಕಕ್ಕೆ ಸಂರಕ್ಷಿತ ಪ್ರದೇಶದ ಹೊರಗೆ ಪಂಚಾಯಿತಿಯ ಜಾಗ, ಒಪ್ಪಿದ ಅಂಗಡಿಯ ಗೋಡೆ ನೋಡಿ. 2021ರ ಮಾರ್ಗಸೂಚಿಯಲ್ಲಿ ಇನ್ನೊಂದು ಅಂಶವಿದೆ: ಅಡ್ಡಡ್ಡ 1 ಮೀಟರ್, ಎತ್ತರದಲ್ಲಿ 3 ಮೀಟರಿಗಿಂತ ಸೂಕ್ಷ್ಮವಾದ ನಕ್ಷೆಯ ದತ್ತಾಂಶ ಭಾರತದಲ್ಲೇ ಇರಬೇಕು, ಇಲ್ಲೇ ಸಂಸ್ಕರಣೆಯಾಗಬೇಕು. ಕಾಲೇಜು ಪ್ರಾಜೆಕ್ಟ್ ದಾಟಿ ಯಾವುದಾದರೂ ಇಲಾಖೆಯ ಹಣದಲ್ಲಿ ಮಾಡುವಾಗ, ವಿದೇಶಿ ಕ್ಲೌಡ್‌ಗೆ ಸ್ಕ್ಯಾನ್ ಕಳಿಸುವ ಮೊದಲು ಇದನ್ನು ಅವರ ಮುಂದಿಟ್ಟು ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಫಲಕದ ದಾರಿಯಲ್ಲಿ ನಕ್ಷೆಯೇ ಇಲ್ಲದಿರುವುದರಿಂದ ಈ ತಲೆನೋವಿಲ್ಲ.

ನಗರದ ಕೋಟೆಯ ಮೇಲಿಂದ ‘ಅದೋ ಅಲ್ಲಿ ಇಂಥ ಗುಡ್ಡ’ ಎಂದು ಹೆಸರು ತೋರಿಸುವ ಭಾಗ ಇಟ್ಟುಕೊಂಡಿದ್ದರೆ ಅದಕ್ಕೆ ಮಾತ್ರ ಬ್ರೌಸರ್ ಸಾಕು. ಎಆರ್.ಜೆಎಸ್ ಉಚಿತ, ಸ್ಥಳಾಧಾರಿತ ಭಾಗ ಅದರಲ್ಲೇ ಇದೆ. ಎಚ್‌ಟಿಟಿಪಿಎಸ್ ಪುಟ ಬೇಕು, ಐಫೋನಿನಲ್ಲಿ ಚಲನೆಯ ಸೆನ್ಸರ್‌ಗೆ ಬಟನ್ ಒತ್ತಿಸಿ ಅನುಮತಿ ಕೇಳಬೇಕು. ಹತ್ತು ಕಿಲೋಮೀಟರ್ ಆಚೆಯ ಬೆಟ್ಟಕ್ಕೆ ಜಿಪಿಎಸ್‌ನ ಹತ್ತು ಮೀಟರ್ ತಪ್ಪು ಲೆಕ್ಕಕ್ಕೇ ಇಲ್ಲ, ಕಂಪಾಸ್ ಒಂದೇ ತೊಂದರೆ. ಹೆಸರುಗಳ ಸಾಲನ್ನು ಬೆರಳಿನಿಂದ ಎಡಬಲಕ್ಕೆ ಎಳೆಯಲು ಬಿಡಿ: ‘ಕೊಡಚಾದ್ರಿಯ ತುದಿಗೆ ಈ ಗೆರೆ ಹೊಂದಿಸಿ’ ಎಂದರೆ ನೋಡುವವರು ಮೂರು ಸೆಕೆಂಡಿನಲ್ಲಿ ಹೊಂದಿಸುತ್ತಾರೆ, ಯಾವ ವಿಪಿಎಸ್‌ಗಿಂತಲೂ ಚೆನ್ನಾಗಿ.

ಖರ್ಚು. ಪ್ಲೇ ಕನ್ಸೋಲ್ ಒಂದೇ ಸಲ 25 ಡಾಲರ್, ಆ್ಯಪಲ್ ವರ್ಷಕ್ಕೆ 99 ಡಾಲರ್. ಮೊದಲ ವರ್ಷ ಆಂಡ್ರಾಯ್ಡ್ ಮಾತ್ರ ಮಾಡಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು 12 ಜನ ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ನಲ್ಲಿ ಇರಬೇಕು. ಪ್ರದರ್ಶನದ ಹಿಂದಿನ ವಾರ ಇದು ನೆನಪಾದರೆ ಕಷ್ಟ. ನೂರು ಜನರವರೆಗೆ ಕೊಡಬಹುದಾದ ಇಂಟರ್ನಲ್ ಟೆಸ್ಟಿಂಗ್‌ಗೆ ಈ ಷರತ್ತಿಲ್ಲ, ಪ್ರಾಜೆಕ್ಟ್ ಮೌಲ್ಯಮಾಪನಕ್ಕೆ ಅದೇ ಸಾಕು. ಜಿಯೋಸ್ಪೇಶಿಯಲ್ ಕ್ರಿಯೇಟರ್‌ನಲ್ಲಿ ಗೂಗಲ್‌ನ ಮೂರು ಆಯಾಮದ ನಗರದ ಟೈಲ್‌ಗಳನ್ನು ನೋಡುತ್ತ ವಸ್ತು ಇಡಬೇಕೆಂದರೆ ಮ್ಯಾಪ್ ಟೈಲ್ಸ್ ಎಪಿಐಗೆ ಬಿಲ್ಲಿಂಗ್ ಖಾತೆ ಕೇಳುತ್ತದೆ; ನಿಮಗೆ ಅದರ ಅಗತ್ಯವಿಲ್ಲ. ದುಡ್ಡು ಹಾಕುವುದಾದರೆ ಫೋನಿಗೆ ಹಾಕಿ. ಎಆರ್‌ಕೋರ್ ಬೆಂಬಲಿತ ಫೋನುಗಳ ಪಟ್ಟಿ ನೋಡದೆ ಕೊಳ್ಳಬೇಡಿ. ಅಗ್ಗದ ಹಲವು ಮಾದರಿಗಳಲ್ಲಿ ಜೈರೋಸ್ಕೋಪ್ ಇರುವುದೇ ಇಲ್ಲ. ನಿಮ್ಮಲ್ಲಿ ಇರುವುದರಲ್ಲೇ ಅತಿ ಸಾಧಾರಣವಾದ ಬೆಂಬಲಿತ ಫೋನಿನಲ್ಲಿ ಪರೀಕ್ಷೆ ಮಾಡಿ, ಅದೂ ಮಧ್ಯಾಹ್ನದ ಬಿಸಿಲಿನಲ್ಲಿ. ಹತ್ತು ನಿಮಿಷ ಕ್ಯಾಮೆರಾ ತೆರೆದಿಟ್ಟರೆ ಫೋನ್ ಬಿಸಿಯಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಫ್ರೇಮ್ ತಪ್ಪುತ್ತವೆ, ಫ್ರೇಮ್ ತಪ್ಪಿದಾಗ ಟ್ರ್ಯಾಕಿಂಗ್ ಕಳಚುತ್ತದೆ, ವರಹ ಮತ್ತೆ ರಸ್ತೆ ದಾಟುತ್ತದೆ. ಅದಕ್ಕೇ ಪೇಟೆಯ ಇಡೀ ದೃಶ್ಯವನ್ನು ಒಂದು ಲಕ್ಷ ತ್ರಿಕೋನದೊಳಗೆ (ಮೂರು ಆಯಾಮದ ಮಾದರಿಗಳನ್ನು ಕಟ್ಟುವ ಚೂರುಗಳವು) ಮುಗಿಸಿ, ಹಿಂದಿನ ಸಾಲಿನ ಅಂಗಡಿಗಳಿಗೆ ಚಪ್ಪಟೆ ಚಿತ್ರವೇ ಇರಲಿ.